ಒಂದೇ ಪದ ಬದಲಾದಾಗ
1920ರಲ್ಲಿ ವಾರ್ಸಾದಿಂದ ನ್ಯೂಯಾರ್ಕಿಗೆ ಬಂದ ಹುಡುಗ ಸಾಲೊಮನ್ ಆ್ಯಶ್, ಇಂಗ್ಲಿಷ್ ಕಲಿತದ್ದು ಡಿಕನ್ಸ್ ಕಾದಂಬರಿಗಳನ್ನು ಓದುತ್ತ. ಮುಂದೆ ಮನೋವಿಜ್ಞಾನಿಯಾಗಿ ಅವರು ಪರೀಕ್ಷೆಗೆ ಒಡ್ಡಿದ್ದೂ ಪದಗಳನ್ನೇ.

1946ರಲ್ಲಿ ಪ್ರಕಟವಾದ ಅವರ ಪ್ರಯೋಗ ಎಷ್ಟು ಸರಳ! ಯಾರೋ ಒಬ್ಬನ ಏಳು ಗುಣಗಳನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿದರು: ಬುದ್ಧಿವಂತ, ನಿಪುಣ, ಶ್ರಮಜೀವಿ, ಆತ್ಮೀಯ, ದೃಢಚಿತ್ತ, ವ್ಯವಹಾರಜ್ಞ, ಜಾಗರೂಕ. ಇನ್ನೊಂದು ಗುಂಪಿಗೆ ‘ಆತ್ಮೀಯ’ದ ಬದಲು ‘ನಿರ್ಲಿಪ್ತ’. ಉಳಿದ ಆರು ಹಾಗೆಯೇ.

ಮೊದಲ ಗುಂಪಿನ ನೂರಕ್ಕೆ 91 ಮಂದಿಗೆ ಆತ ಉದಾರಿಯಾಗಿ ಕಂಡ. ಎರಡನೆಯದರಲ್ಲಿ ಬರೀ 8 ಮಂದಿಗೆ. ಅದೇ ಜಾಗದಲ್ಲಿ ‘ವಿನಯಶೀಲ’, ‘ಒರಟ’ ಎಂದು ಬದಲಿಸಿದಾಗ ಅಂಥ ಅಂತರವಿರಲಿಲ್ಲ. ಗುಣಗಳನ್ನು ನಾವು ಲೆಕ್ಕದಂತೆ ಕೂಡಿಸುವುದಿಲ್ಲ, ಒಂದು ಇನ್ನೊಂದರ ಅರ್ಥಕ್ಕೇ ಬಣ್ಣ ಕೊಡುತ್ತದೆ ಎಂದರು ಆ್ಯಶ್.

ಮರುವರ್ಷ ಅವರು ಸ್ವಾರ್ಥ್‌ಮೋರ್ ಕಾಲೇಜು ಸೇರಿದರು. ಅಲ್ಲಿಯೇ 19 ವರ್ಷ ಪಾಠ ಮಾಡಿದರು.