ಚೌಕಗಳು ಅಕ್ಷರಗಳಾದ ಕಥೆ

ಮೊನ್ನೆ ಮಳೆಗಾಲದ ಒಂದು ಸಂಜೆ ಕುಮಟೆಯಿಂದ ಹೊನ್ನಾವರಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಮೀನು ಮಾರುವ ಹೆಂಗಸೊಬ್ಬಳು ಬಂದು ಕುಳಿತಳು. ಖಾಲಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು, ಸೆರಗಿನಿಂದ ಮೊಬೈಲನ್ನು ಒರೆಸಿ, ಅದರ ಮುಂದೆ ಬಾಯಿಟ್ಟು ಮಗನಿಗೆ ಹೇಳಬೇಕಾದ ಎರಡು ಮಾತು ಹೇಳಿದಳು. ಆಕೆ ಆಡಿದ ಮಾತು ಗಾಜಿನ ಮೇಲೆ ಕನ್ನಡ ಅಕ್ಷರಗಳಾಗಿ ಮೂಡಿತು. ಅದನ್ನು ನನ್ನತ್ತ ಹಿಡಿದು, "ಸರಿ ಬಂತಾ ನೋಡಿ ಮಾಸ್ತರೇ, ನಂಗೆ ಓದೂಕೆ ಬರೂದಿಲ್ಲ" ಎಂದಳು. ಒಂದು ದೀರ್ಘದ ತಪ್ಪನ್ನು ಬಿಟ್ಟರೆ ಎಲ್ಲವೂ ಸರಿಯಾಗಿಯೇ ಇತ್ತು. ಆಕೆ ಅದನ್ನು ಕಳುಹಿಸಿ ನಿಶ್ಚಿಂತೆಯಿಂದ ಕಿಟಕಿಯ ಹೊರಗೆ ನೋಡತೊಡಗಿದಳು. ನನಗೆ ಮಾತ್ರ ಆ ನಿಶ್ಚಿಂತೆ ಬರಲಿಲ್ಲ. ಏಕೆಂದರೆ ಈ ಒಂದು ಸಾಲು ಅಂಗೈಯಲ್ಲಿ ಮೂಡಲು ಎಷ್ಟು ದೂರ ನಡೆಯಬೇಕಾಯಿತೆಂಬುದನ್ನು ನಾನು ಕಂಡವನು. ಆ ನಡಿಗೆಯಲ್ಲಿ ಕಳೆದುಹೋಗಲಿದ್ದ ಒಂದು ವಸ್ತುವಿಗೆ ಕಾವಲಿದ್ದವನು.

ಭಾಷೆಯೊಂದು ಹೊಸ ಸಾಧನಕ್ಕೆ ಒಗ್ಗಿಕೊಳ್ಳಬೇಕಾದಾಗ ಮೊದಲು ಅದರ ಯೋಗ್ಯತೆಯ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆ ನಮ್ಮ ಕರಾವಳಿಗೆ ಹೊಸದಲ್ಲ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿ ಇಂದು ಕಾಡಿನ ನಡುವಿನ ಒಂದು ಹಳ್ಳಿ; ಹಿಂದೆ ಅದು ಸಂಗೀತಪುರವೆಂಬ ಹೆಸರಿನ ಜೈನ ವಿದ್ಯಾಕೇಂದ್ರ. ಅಲ್ಲಿಯ ಮಠದ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿದನು. 592 ಸೂತ್ರಗಳ ಈ ಕನ್ನಡ ವ್ಯಾಕರಣ ಇರುವುದು ಸಂಸ್ಕೃತದಲ್ಲಿ. ದೇಶಭಾಷೆಯು ಶಾಸ್ತ್ರಕ್ಕೆ ತಕ್ಕುದಲ್ಲವೆನ್ನುವ ಪಂಡಿತರಿಗೆ ಅವರ ಭಾಷೆಯಲ್ಲಿಯೇ ಉತ್ತರ ಕೊಡುವುದು ಅವನ ಉದ್ದೇಶ. ಭಟ್ಕಳಕ್ಕೆ ಅವನಿಂದಲೇ ಹೆಸರು ಬಂದಿತೆಂದು ಹೇಳುವುದುಂಟು. ಆದರೆ ಅವನ ಗ್ರಂಥಕ್ಕೂ ಮೊದಲೇ, ಹದಿನಾರನೆಯ ಶತಮಾನದ ಪೋರ್ಚುಗೀಜರು ಈ ಬಂದರನ್ನು 'ಬಾಟಿಕಳಾ' ಎಂದು ಬರೆದಿಟ್ಟಿರುವುದರಿಂದ ಆ ಮಾತು ನಿಲ್ಲಲಾರದು. ಇರಲಿ. ಕನ್ನಡದ ಹಿರಿಮೆಯನ್ನು ಸಾಧಿಸುವಾಗ ಅವನು 96,000 ಗ್ರಂಥ ಪ್ರಮಾಣದ 'ಚೂಡಾಮಣಿ' ಎಂಬ ಮಹಾವ್ಯಾಖ್ಯಾನವನ್ನು ಹೆಸರಿಸುತ್ತಾನೆ. ಆ ಚೂಡಾಮಣಿಯ ಒಂದು ಗರಿಯೂ ಇಂದು ನಮಗಿಲ್ಲ. ಹೆಸರು ಉಳಿದು ಬರಹ ಅಳಿಯುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಓಲೆಯ ಕಾಲ ಕಳೆದು ಅಚ್ಚಿನ ಕಾಲ ಬಂದಾಗಲೂ ತೊಡಕು ತಪ್ಪಲಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಾಗ ಅದನ್ನು ಹರ್ಮನ್ ಮೋಗ್ಲಿಂಗ್ ಅಚ್ಚು ಮಾಡಿಸಿದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಮೊಳೆಗಳು ಬೇಡ. ಕೈಯಲ್ಲಿ ಬರೆದ ಪುಟವೇ ಚಿತ್ರವಾಗಿ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತದೆ. ಒತ್ತು, ಕೊಂಬು, ಅರ್ಕಾವತ್ತು ಯಾವುದರ ಗೊಡವೆಯೂ ಯಂತ್ರಕ್ಕಿರುವುದಿಲ್ಲ. ಅಕ್ಷರವನ್ನು ತಿಳಿಯದ ಯಂತ್ರಕ್ಕೆ ಅಕ್ಷರದ ಚಿತ್ರವನ್ನು ಕೊಡುವ ಈ ಉಪಾಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಇನ್ನೊಮ್ಮೆ ನಮ್ಮ ಕಥೆಯಲ್ಲಿ ಬರಲಿದೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡ ವರ್ಣಮಾಲೆಯನ್ನೆಲ್ಲ ಉಚ್ಚಾರಣೆಯ ಕ್ರಮದಲ್ಲಿ ಕೂರಿಸಿ ಒಂದು ಕೀಲಿಮಣೆಯನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪು ಅದು. 1996ರಲ್ಲಿ ಯು. ಬಿ. ಪವನಜರು 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆಯನ್ನು ತೆರೆದರು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರ 'ಬರಹ' ಹೊರಬಂದಿತು. ಅದೇ ವರ್ಷದ ಜನವರಿ 26ರಂದು ಕೊಂಕಣ ರೈಲು ಇಡೀ ದಾರಿಗೆ ತೆರೆದು, ಭಟ್ಕಳ, ಹೊನ್ನಾವರ, ಕುಮಟೆಗಳು ಮುಂಬಯಿಗೂ ಮಂಗಳೂರಿಗೂ ಹಳಿಗಳಿಂದ ಕೂಡಿಕೊಂಡವು. ಊರಿನವರೆಲ್ಲ ರೈಲನ್ನು ನೋಡಲು ಹೋದರು. ಅದರ ಜೊತೆಯಲ್ಲಿಯೇ ಬಂದ ಇನ್ನೊಂದು ಹಳಿಯನ್ನು ಆಗ ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು, ಪೇಟೆಪೇಟೆಯ ಡಿ.ಟಿ.ಪಿ. ಅಂಗಡಿಗಳಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಯಕ್ಷಗಾನದ ಕರಪತ್ರದವರೆಗೆ ಕನ್ನಡವು ಕಂಪ್ಯೂಟರಿನಲ್ಲಿ ಕೂತಿತು.

ಅಂಥದೊಂದು ಅಂಗಡಿಗೆ 2004ರಲ್ಲಿ ನಾನೊಂದು ಕಟ್ಟು ಹಿಡಿದುಕೊಂಡು ಹೋದೆ. ಶರಾವತಿಯ ದಂಡೆಯ ಹಳ್ಳಿಯೊಂದರಲ್ಲಿ ನನಗೆ ಅಕ್ಷರ ಕಲಿಸಿದ ಮಾಸ್ತರರೊಬ್ಬರು ನಿವೃತ್ತರಾಗಿ ನೆಲೆಸಿದ್ದರು. ಮೂವತ್ತು ವರ್ಷಗಳಿಂದ ಅವರು ಲೆಕ್ಕದ ಪುಸ್ತಕಗಳಲ್ಲಿ ದಿನಕ್ಕೊಂದು ಪುಟದಂತೆ ಏನನ್ನೋ ಬರೆಯುತ್ತಿದ್ದರು. ತಾರಿ ದಾಟಿಸುವವರು ನೀರಿನ ಇಳಿತ ಭರತಗಳಿಗೆ ಬಳಸುವ ಮಾತುಗಳು, ಹೊಳೆಯ ಒಂದೊಂದು ಮಡುವಿನ ಹೆಸರು, ಯಾವ ಮನೆತನ ಯಾವ ಊರಿನಿಂದ ಬಂದು ನೆಲೆಸಿತು, ಯಾವ ವರ್ಷದ ನೆರೆಯಲ್ಲಿ ಯಾರ ತೋಟ ಹೋಯಿತು, ಹೀಗೆ. ಅಚ್ಚು ಮಾಡುವವರು ಯಾರೂ ಇರಲಿಲ್ಲ. ಓದುವವರು ಮೊದಲೇ ಇರಲಿಲ್ಲ. "ಇದನ್ನೆಲ್ಲ ಯಾರಿಗಾಗಿ ಬರೀತೀರಿ ಮಾಸ್ತರೇ?" ಎಂದು ಒಮ್ಮೆ ಕೇಳಿದೆ. "ಬರೆಯದಿದ್ರೆ ಮರೆತುಹೋಗ್ತದಲ್ಲೋ ತಮ್ಮಾ" ಎಂದಷ್ಟೇ ಹೇಳಿ ಕವಳದ ತಟ್ಟೆಯನ್ನು ನನ್ನತ್ತ ಸರಿಸಿದರು. ಆ ಪುಸ್ತಕಗಳಲ್ಲಿ ಗೆದ್ದಲು ಹಿಡಿಯದೆ ಉಳಿದುದನ್ನು ನಾನು ಟೈಪು ಮಾಡಿಸಿ ಎರಡು ಫ್ಲಾಪಿಗಳಲ್ಲಿ ಇರಿಸಿಕೊಂಡೆ. ಮೂಲ ಪುಸ್ತಕಗಳು ಮುಂದಿನ ಮಳೆಗಾಲದಲ್ಲಿ ಅಟ್ಟ ಸೋರಿ ಮುದ್ದೆಯಾದವು. ನನಗೇನೂ ಚಿಂತೆಯಾಗಲಿಲ್ಲ, ಫ್ಲಾಪಿ ಇತ್ತಲ್ಲ!

2008ರಲ್ಲಿ ನಾನೂ ಒಂದು ಬ್ಲಾಗನ್ನು ತೆರೆದೆ. ಆ ದಿನಗಳ ಉತ್ಸಾಹವನ್ನು ನೆನೆದರೆ ಈಗ ನಗು ಬರುತ್ತದೆ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ 'ಸಂಪದ', ಅನಂತರ 'ಅವಧಿ' ಮೊದಲಾದವು ಬಂದು, ಸಂಪಾದಕರ ಒಪ್ಪಿಗೆಗೆ ಕಾಯದೆ ಬರೆಯಬಹುದೆಂಬುದು ನಮಗೆಲ್ಲ ಹೊಸ ಸ್ವಾತಂತ್ರ್ಯವಾಗಿ ತೋರಿತ್ತು. ವಾರಕ್ಕೆರಡು ಬಾರಿ ಬರೆದೆ. ರಾತ್ರಿ ಎದ್ದು ಎಷ್ಟು ಜನ ಬಂದುಹೋದರೆಂದು ಎಣಿಕೆ ನೋಡಿದೆ. ಮಾಸ್ತರರ ಬರಹವನ್ನೂ ಹಾಕೋಣವೆಂದು ಫ್ಲಾಪಿ ತೆರೆದರೆ ಕನ್ನಡವೇ ಇಲ್ಲ! ಸ್ವರಚಿಹ್ನೆಗಳ ಟೊಪ್ಪಿಗೆ ತೊಟ್ಟ ರೋಮನ್ ಲಿಪಿಯ ವಿಚಿತ್ರಾಕಾರಗಳು ಪುಟತುಂಬ ಕುಣಿಯುತ್ತಿದ್ದವು.

ಕಾರಣ ಸರಳವಾಗಿತ್ತು. ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ತುಂಡುಗಳ ವೇಷ ಹಾಕುತ್ತಿದ್ದವು. ವೇಷದ ಪೆಟ್ಟಿಗೆ, ಎಂದರೆ ಆ ಫಾಂಟು, ಇದ್ದಲ್ಲಿ ಮಾತ್ರ ಅದು ಕನ್ನಡ. ಪೆಟ್ಟಿಗೆ ಇಲ್ಲದ ಊರಿನಲ್ಲಿ ರಾವಣನ ವೇಷದವನೂ ನೆರೆಮನೆಯ ಗಣಪಯ್ಯನೇ. ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯು 1991ರಲ್ಲಿಯೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿಯನ್ನು ಕೊಟ್ಟಿತ್ತು. ಅಲ್ಲಿ 'ಕ'ಕಾರದ ಮನೆ 3221. ಅದು ಯಾವ ದೇಶದ ಯಾವ ಯಂತ್ರದಲ್ಲಿಯೂ 'ಕ'ಕಾರವೇ. ಭಟ್ಟಾಕಳಂಕನು ಕೇಳಿದ ಯೋಗ್ಯತಾಪತ್ರವನ್ನು ಯಂತ್ರಲೋಕವು ಕೊಟ್ಟದ್ದು ಹೀಗೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅಕ್ಷರಶೈಲಿ ಬಂದು ಮೇಜಿನ ಮೇಲಿನ ಕಂಪ್ಯೂಟರುಗಳು ಈ ಲೆಕ್ಕವನ್ನು ಕಲಿತಿದ್ದವು. ಆದರೆ ಅದಕ್ಕೂ ಮೊದಲಿನ, ಅದಕ್ಕೆ ಹೊರತಾದ ರೀತಿಯಲ್ಲಿ ಟೈಪಾದ ನನ್ನ ಮಾಸ್ತರರು ಹೊಳೆಯ ಆಚೆಯೇ ಉಳಿದರು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿದ್ದಿತು. ತರಗತಿ ಮುಗಿದ ಮೇಲೆ ಹುಡುಗನೊಬ್ಬ ಬಂದು, "ಸರ್, ನಿಮ್ಮ ಬ್ಲಾಗು ನನ್ನ ಮೊಬೈಲಲ್ಲಿ ಬರೇ ಚೌಕ ಚೌಕ ಕಾಣ್ತದೆ" ಎಂದ. ತೋರಿಸಿದ. ಆರು ತಿಂಗಳ ನನ್ನ ಶ್ರಮವೆಲ್ಲ ಸಾಲುಸಾಲು ಖಾಲಿ ಚೌಕಗಳಾಗಿ, ಹೆಂಚು ಹಾರಿದ ಮಾಡಿನಂತೆ ಕಾಣುತ್ತಿತ್ತು. ನಮ್ಮ ಮಕ್ಕಳ ಕೈಯಲ್ಲಿದ್ದದ್ದು ಮೊಬೈಲು. ಕನ್ನಡ ತಿಳಿದಿದ್ದದ್ದು ಕಂಪ್ಯೂಟರು. ಕೆಲವು ಫೋನುಗಳಲ್ಲಿ ಅಕ್ಷರ ಬಂದರೂ ಒತ್ತುಗಳು ಕೆಳಗಿಳಿಯದೆ ಪಕ್ಕದಲ್ಲಿಯೇ ನಿಂತಿರುತ್ತಿದ್ದವು. 'ಕ್ಷ' ಎಂಬುದು ಯುನಿಕೋಡಿನಲ್ಲಿ ಕಕಾರ, ವಿರಾಮಚಿಹ್ನೆ, ಷಕಾರ ಎಂಬ ಮೂರು ಸಂಖ್ಯೆಗಳು. ಅವನ್ನು ಕೂಡಿಸಿ ಒಂದಾಗಿ ಬರೆಯುವ ವಿದ್ಯೆ ಪ್ರತ್ಯೇಕವಾಗಿ ಬೇಕು. ಆಗ ಅದೇ ಹುಡುಗ ಒಪೆರಾ ಮಿನಿ ಎಂಬ ಬ್ರೌಸರನ್ನು ತೋರಿಸಿಕೊಟ್ಟ. ಅದರ ಒಳಗೊಂದು ಗುಪ್ತ ಆಯ್ಕೆ. ಅದನ್ನು ಬದಲಿಸಿದರೆ ಕನ್ನಡದ ಸಾಲುಗಳು ದೂರದ ಯಂತ್ರದಲ್ಲಿ ಚಿತ್ರಗಳಾಗಿ ಮಾರ್ಪಟ್ಟು ಪುಟದಲ್ಲಿ ಇಳಿಯುತ್ತಿದ್ದವು. ವಾಚಕರಿಗೆ ನೆನಪಿರಬಹುದು, ಇದು ಮೋಗ್ಲಿಂಗನ ಕಲ್ಲಚ್ಚೇ ಸರಿ! 167 ವರ್ಷಗಳ ಅನಂತರ ಅದೇ ಉಪಾಯ ಹೊನ್ನಾವರದ ಹುಡುಗನ ಅಂಗೈಗೆ ಬಂದಿತ್ತು.

ಆದರೂ ನಾನು ಬರೆಯುವುದನ್ನು ನಿಲ್ಲಿಸಿದೆ. ಮಾಸ್ತರರು 2009ರಲ್ಲಿಯೇ ತೀರಿಕೊಂಡಿದ್ದರು. ಅವರ ಬರಹ ನನ್ನ ಬಳಿ ಇದ್ದೂ ಇಲ್ಲವಾಗಿತ್ತು. ಎಣಿಕೆಯ ಅಂಕಿ ಏರಲಿಲ್ಲ. ಹೊಸ ತಾಣಗಳ ಗದ್ದಲದಲ್ಲಿ ಬ್ಲಾಗುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ದೊಡ್ಡ ಮನೆಗಳೇ ಉಳಿಯಲಿಲ್ಲ. ಜಿಯೋಸಿಟೀಸ್ 2009ರಲ್ಲಿ, ಗೂಗಲ್ ರೀಡರ್ 2013ರಲ್ಲಿ, ಆರ್ಕುಟ್ 2014ರಲ್ಲಿ ಬಾಗಿಲು ಹಾಕಿದವು. ಹೀಗಿರಲಾಗಿ ನನ್ನ ಗುಡಿಸಲಿನ ಗತಿಯೇನು ಎಂದುಕೊಂಡೆ. ಸತ್ಯವನ್ನು ಹೇಳುವುದಾದರೆ ನನ್ನನ್ನು ತಡೆದದ್ದು ತಂತ್ರದ ತೊಡಕಲ್ಲ. ಮೆಚ್ಚುವವರಿಲ್ಲವಲ್ಲ ಎಂಬ ಕೊರಗು.

ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಹಿರಿಯರನ್ನು ಪಾಠಕ್ಕಾಗಿ ಮತ್ತೆ ಓದುತ್ತಿದ್ದೆ. ಹೊನ್ನಾವರ ತಾಲ್ಲೂಕಿನ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಗಳು 1887ರಲ್ಲಿಯೇ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವನ್ನು ಬರೆದು, ಹೆಣ್ಣನ್ನು ಹಣಕ್ಕೆ ಮಾರುವ ತಮ್ಮ ಸಮಾಜದ ರೂಢಿಯನ್ನು ಬಯಲಿಗೆಳೆದರು. ಸ್ವಜನರ ಮೆಚ್ಚುಗೆಯನ್ನು ಎಣಿಸುತ್ತ ಕುಳಿತಿದ್ದರೆ ಅದು ಹುಟ್ಟುತ್ತಿತ್ತೇ? ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿಯವರು ಶಿಕ್ಷಕರಾಗಿದ್ದುಕೊಂಡು, 2002ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಮುಚ್ಚುವ ಮುನ್ನ, ದಶಕಗಳ ಕಾಲ ಪತ್ರಿಕೆಗಳಿಗೆ ಅಂಕಣ ಬರೆದರು; ಸಮುದ್ರದಂಚಿನ ಊರಿನಲ್ಲಿ ಕುಳಿತು ಲೋಕಸಾಹಿತ್ಯವನ್ನು ಕನ್ನಡಿಗರಿಗೆ ಪರಿಚಯಿಸಿದರು. ನೆರೆಯ ಅಂಕೋಲೆಯಲ್ಲಿ ದಿನಕರ ದೇಸಾಯರು 'ಜನಸೇವಕ' ವಾರಪತ್ರಿಕೆಯನ್ನು ನಡೆಸಿದರು. ಇವರಿಗೆ ಓದುಗರು ಬೇಡವಾಗಿದ್ದರೆಂದಲ್ಲ. ಓದುಗರು ಬರುವ ತನಕ ಪೆನ್ನನ್ನು ಕೆಳಗಿಡಲಿಲ್ಲ, ಅಷ್ಟೆ. ನನ್ನ ಮಾಸ್ತರರೂ ಇದೇ ಸಾಲಿನ ಕೊನೆಯಲ್ಲಿ, ಹೆಸರಿಲ್ಲದೆ ನಿಂತವರೆಂದು ನನಗೆ ಹೊಳೆದು ನಾಚಿಕೆಯಾಯಿತು.

ಕಾಲವೂ ಕೈಗೂಡಿತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯು ಕನ್ನಡ, ತೆಲುಗು, ಮಲಯಾಳಗಳನ್ನು ಒಳಗೊಂಡು ಬಂದಿತು. ಮರುವರ್ಷ ಅಂಥ ಫೋನೊಂದನ್ನು ಕೊಂಡು ನನ್ನದೇ ಹಳೆಯ ಪುಟವನ್ನು ತೆರೆದೆ. ಚೌಕಗಳಿದ್ದಲ್ಲಿ ಅಕ್ಷರಗಳು, ಪ್ರತಿಯೊಂದು ಒತ್ತೂ ತನ್ನ ಸ್ಥಾನದಲ್ಲಿ! ಹಳೆಯ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ರಚಿಸಿ ಉಚಿತವಾಗಿ ಹಂಚುತ್ತಿದ್ದರು. ಪುಣ್ಯಕ್ಕೆ ಫ್ಲಾಪಿಯಲ್ಲಿದ್ದುದನ್ನು ಹಿಂದೆಯೇ ಬೇರೆಡೆ ನಕಲು ಮಾಡಿದ್ದೆ. ಪರಿವರ್ತಕದಲ್ಲಿ ಹಾಕಿದಾಗ ಮಾಸ್ತರರು ಮರಳಿ ಬಂದರು, ಆದರೆ ಕುಂಟುತ್ತ. ಹಳೆಯ ರೀತಿಯಲ್ಲಿ ಅರ್ಕಾವತ್ತನ್ನು ಅಕ್ಷರದ ಅನಂತರ ಇಡುತ್ತಿದ್ದರು; ಹೊಸ ಕ್ರಮದಲ್ಲಿ ರೇಫ ಮೊದಲು ಬರಬೇಕು. ಹೀಗಾಗಿ 'ಕರ್ಕಿ' ಎಂಬುದು 'ಕಕಿರ್' ಆಗಿತ್ತು, 'ಸೂರ್ಯ'ನು 'ಸೂಯರ್' ಆಗಿದ್ದನು. ಒಂದೊಂದನ್ನೂ ಕೈಯಲ್ಲಿ ತಿದ್ದಬೇಕು. ದಿನಕ್ಕೊಂದು ಪುಟ ಎಂದು ನಿಶ್ಚಯಿಸಿದೆ. ಅವರು ಬರೆದದ್ದೂ ಅದೇ ಲೆಕ್ಕದಲ್ಲಲ್ಲವೇ? ಎಣಿಕೆಯ ಅಂಕಿಯನ್ನು ಬ್ಲಾಗಿನಿಂದಲೇ ತೆಗೆದುಹಾಕಿದೆ.

ಎಂಬತ್ತು ಪುಟ ಮುಗಿಯಲು ಒಂದು ಮಳೆಗಾಲ ಹಿಡಿಯಿತು. ಮೊದಲ ಪತ್ರ ಬರಲು ಎರಡು ವರ್ಷ. ಅದು ದುಬೈಯಿಂದ, ಭಟ್ಕಳದ ಹಿರಿಯರೊಬ್ಬರಿಂದ ಬಂದಿತು. ಅವರ ಅಜ್ಜ ಶರಾವತಿಯ ದಂಡೆಯ ಊರುಗಳಿಗೆ ದೋಣಿಯಲ್ಲಿ ಬಟ್ಟೆಯ ಗಂಟು ತಂದು ಮಾರುತ್ತಿದ್ದರಂತೆ. ಮಾಸ್ತರರು ಒಂದು ಪುಟದಲ್ಲಿ, ನೆರೆಯ ವರ್ಷ ಸಾಲ ಕೇಳದೆ ಕೇರಿಗೆಲ್ಲ ಬಟ್ಟೆ ಕೊಟ್ಟು ಹೋದ ಭಟ್ಕಳದ ಸಾಹೇಬರೊಬ್ಬರನ್ನು ಹೆಸರಿಟ್ಟು ನೆನೆದಿದ್ದರು. "ಅದು ನಮ್ಮ ಅಜ್ಜ. ಮನೆಯಲ್ಲಿ ಅವರದೊಂದು ಚಿತ್ರವೂ ಇಲ್ಲ. ಈ ಸಾಲನ್ನು ಮೊಮ್ಮಕ್ಕಳಿಗೆ ಓದಿ ಹೇಳಿದೆ" ಎಂದು ಬರೆದಿದ್ದರು. ಅದನ್ನು ಅವರು ಓದಿದ್ದು ಮೊಬೈಲಿನಲ್ಲಿ.

2016ರ ಅನಂತರ ಡೇಟಾ ಅಗ್ಗವಾಯಿತು. 2017ರಲ್ಲಿ ಗೂಗಲಿನ ಧ್ವನಿಲೇಖನಕ್ಕೆ ಕನ್ನಡವೂ ಸೇರಿತು. ಬಸ್ಸಿನ ಆ ಹೆಂಗಸು ಅಕ್ಷರ ಕಲಿಯದೆಯೂ ಲೇಖಕಿಯಾದಳು. ಯಂತ್ರಗಳು ಇನ್ನೂ ಹೊಸದಾಗುತ್ತವೆ. ಇಂದಿನ ರೀತಿ ನಾಳೆ ಹಳತಾಗಿ, ಇನ್ನೊಮ್ಮೆ ಯಾರೋ ಕುಳಿತು ಅರ್ಕಾವತ್ತುಗಳನ್ನು ತಿದ್ದಬೇಕಾಗಬಹುದು. ತಿದ್ದಲು ಬರಹವೊಂದು ಇರಬೇಕಲ್ಲವೇ? ನಿಮ್ಮ ಮನೆಯ ಅಟ್ಟದಲ್ಲಿಯೂ ಒಂದು ಲೆಕ್ಕದ ಪುಸ್ತಕ, ಮೇಜಿನ ಖಾನೆಯಲ್ಲಿ ಒಂದು ಹಳೆಯ ಫ್ಲಾಪಿ ಇದ್ದೀತು. ಮಳೆ ಜೋರಾಗುವ ಮೊದಲು ಒಮ್ಮೆ ತೆರೆದು ನೋಡಿರಿ.