ಪವನ ವಿದ್ಯುತ್ತಿನ ಗ್ರಿಡ್ ಜೋಡಣೆ ಮತ್ತು ಶರಾವತಿ ಕಣಿವೆ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಹೇಳಿಕೊಳ್ಳುವಂಥ ಪವನ ವಿದ್ಯುತ್ ಸ್ಥಾವರಗಳಿಲ್ಲ. ಆಷಾಢದ ಗಾಳಿ ಇಲ್ಲಿ ಜೋರಾಗಿಯೇ ಬೀಸುತ್ತದೆ. ಆದರೆ ಗಾಳಿಯಂತ್ರಗಳು ನೆಲೆ ಕಂಡುಕೊಂಡದ್ದು ಘಟ್ಟದಾಚೆ, ಮಳೆನೆರಳಿನ ಬೋಳುಗುಡ್ಡಗಳ ಮೇಲೆ: ಗದಗಿನ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿ ಮುಂತಾದೆಡೆ. ಹಾಗಿದ್ದೂ ಗಾಳಿಯ ಕರೆಂಟು ಕರ್ನಾಟಕದ ಗ್ರಿಡ್‌ಗೆ ಒಗ್ಗಿಕೊಂಡ ಚರಿತ್ರೆಯಿಂದ ಈ ಕರಾವಳಿಯನ್ನು ಹೊರಗಿಡಲಾಗದು. ಅದರ ಏರಿಳಿತವನ್ನು ತಾಳಿಕೊಂಡವುಗಳಲ್ಲಿ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಯ ನೀರಿನದು ದೊಡ್ಡ ಪಾಲು.

ಮೊದಮೊದಲಿನ ತೊಡಕು ತಂತಿಯದಾಗಿತ್ತು. ಇಂಡಕ್ಷನ್ ಜನರೇಟರಿನ ಹಳೆಯ ಯಂತ್ರಗಳು ಕಾಂತಕ್ಷೇತ್ರಕ್ಕಾಗಿ ತಮಗೆ ಬೇಕಾದ ರಿಯಾಕ್ಟಿವ್ ಪವರನ್ನು ಗ್ರಿಡ್‌ನಿಂದಲೇ ಎಳೆಯುತ್ತಿದ್ದವು. ಹಳ್ಳಿಗಾಡಿನ ದುರ್ಬಲ ಲೈನಿನ ತುದಿಯಲ್ಲಿ ವೋಲ್ಟೇಜ್ ಕುಸಿಯುವುದು, ಕುಸಿದೊಡನೆ ಯಂತ್ರವೂ ಟ್ರಿಪ್ ಆಗುವುದು ಇದರ ಫಲ. ಕೆಪಾಸಿಟರ್‌ಗಳು, ಪ್ರತ್ಯೇಕ ಸಬ್‌ಸ್ಟೇಷನ್‌ಗಳು, ವೋಲ್ಟೇಜ್ ಕ್ಷಣಕಾಲ ಇಳಿದರೂ ಯಂತ್ರ ಕಳಚಿಕೊಳ್ಳಬಾರದೆಂಬ 2013ರ ಕೇಂದ್ರ ನಿಯಮ, ಇವು ಆ ತೊಡಕನ್ನು ಬಹುಮಟ್ಟಿಗೆ ನೀಗಿಸಿದವು. ಉಳಿದದ್ದು ಗಾಳಿಯ ಚಂಚಲತೆ. ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2015ರ ನಿಯಮಾವಳಿ ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಮುನ್ನಂದಾಜು ಕೇಳಿತು, ತಪ್ಪಿದರೆ ದಂಡ. ಅಂದಾಜು ಎಷ್ಟೇ ಕರಾರುವಾಕ್ಕಾದರೂ ನಿಂತ ಗಾಳಿಯನ್ನು ಅದು ಬೀಸುವಂತೆ ಮಾಡದು. ಆ ಕೊರತೆಯನ್ನು ಯಾರಾದರೂ ತುಂಬಲೇಬೇಕು.

ಇಲ್ಲಿಯೇ ನೀರಿನ ಪಾತ್ರ. ಕಲ್ಲಿದ್ದಲಿನ ಬಾಯ್ಲರು ಬಿಸಿಯೇರಲು ಗಂಟೆಗಟ್ಟಲೆ ಬೇಕು, ಜಲ ಟರ್ಬೈನಿಗೆ ಕೆಲವೇ ನಿಮಿಷ ಸಾಕು. 1,035 ಮೆಗಾವಾಟ್‌ಗಳ ಶರಾವತಿ ಕೇಂದ್ರವೂ ಅದರ ಕೆಳಗೆ ಗೇರುಸೊಪ್ಪೆಯ 240 ಮೆಗಾವಾಟ್‌ಗಳ ಕೇಂದ್ರವೂ ಗಾಳಿಯಂತ್ರಗಳಿಗಾಗಿ ಕಟ್ಟಿದವಲ್ಲ, ಆದರೂ ಆ ಕೆಲಸಕ್ಕೆ ಒದಗಿಬಂದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚು, ಮಳೆಯಿಂದಾಗಿ ಪಂಪ್‌ಸೆಟ್ಟುಗಳ ಬೇಡಿಕೆ ಕಡಿಮೆ. ಆಗ ಟರ್ಬೈನು ತಗ್ಗಿಸಿ ಲಿಂಗನಮಕ್ಕಿ ಜಲಾಶಯದ ನೀರನ್ನು ಬೇಸಗೆಗೆ ಉಳಿಸಬಹುದು. ಜಲಾಶಯ ತುಂಬಿ ತುಳುಕುವ ವರ್ಷ ಈ ಉಪಾಯ ನಡೆಯದು ಎಂಬ ಆಕ್ಷೇಪ ನಿಜವೇ, ಆದರೆ ಪ್ರತಿ ವರ್ಷವೂ ಹಾಗಾಗುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ನೊಂದಿಗೆ ಕೂಡಿಕೊಂಡ ಮೇಲೆ ಹೆಚ್ಚುವರಿಯನ್ನು ಹೊರಗೆ ಮಾರಬಹುದಲ್ಲ ಎಂಬುದು ಇನ್ನೊಂದು ವಾದ. ಮಾರಬಹುದು. ಆದರೆ ಅದೇ ಮುಂಗಾರು ಗಾಳಿ ತಮಿಳುನಾಡು, ಮಹಾರಾಷ್ಟ್ರಗಳಲ್ಲೂ ಬೀಸುತ್ತಿರುತ್ತದೆ.

2025ರ ಹೊತ್ತಿಗೆ ರಾಜ್ಯದ ಪವನ ಸಾಮರ್ಥ್ಯ 7,000 ಮೆಗಾವಾಟ್ ದಾಟಿತು. ತಲಕಳಲೆ ಜಲಾಶಯದಿಂದ ಗೇರುಸೊಪ್ಪೆಯ ಜಲಾಶಯಕ್ಕೆ ನೀರಿಳಿಸಿ, ಹೆಚ್ಚುವರಿ ಕರೆಂಟಿನಿಂದ ಅದನ್ನು ಮತ್ತೆ ಮೇಲೆತ್ತುವ 2,000 ಮೆಗಾವಾಟ್‌ಗಳ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕರ್ನಾಟಕ ವಿದ್ಯುತ್ ನಿಗಮ ಮುಂದಿಡುವ ಸಮರ್ಥನೆಯೂ ಗಾಳಿ-ಬಿಸಿಲಿನ ಇದೇ ಚಂಚಲತೆ. ಎತ್ತಲು ತಗಲುವಷ್ಟು ವಿದ್ಯುತ್ ಇಳಿಸಿದಾಗ ಮರಳಿ ಬಾರದು, ಸುಮಾರು ಐದನೆಯ ಒಂದು ಭಾಗ ನಷ್ಟ. ಎಲ್ಲ ಸಂಗ್ರಹಕ್ಕೂ ನಷ್ಟ ಇದ್ದದ್ದೇ, ಅದೊಂದೇ ಕಾರಣಕ್ಕೆ ಯೋಜನೆ ತಿರಸ್ಕರಿಸಬೇಕಿಲ್ಲ. ತೂಕದ ಆಕ್ಷೇಪ ಬೇರೆ: ಸುರಂಗ, ರಸ್ತೆಗಳು ಹಾಯುವುದು 2019ರಲ್ಲಿ ಘೋಷಿತವಾದ ಸಿಂಗಳೀಕ ಅಭಯಾರಣ್ಯದಲ್ಲಿ. ನದಿ ಈಗಾಗಲೇ ಕಪ್ಪ ಕೊಟ್ಟಿದೆ. ವಿದ್ಯುತ್ ಕೇಂದ್ರಗಳಿಂದ ವರ್ಷವಿಡೀ ಬಿಡುವ ಸಿಹಿನೀರಿನಿಂದ ಉಪ್ಪಿನಂಶ ತಗ್ಗಿ, ಶರಾವತಿಯ ಅಳಿವೆಯಲ್ಲಿ ಬೆಳಚು ಮೊದಲಾದ ಚಿಪ್ಪುಜೀವಿಗಳು ಬಹುಪಾಲು ಇಲ್ಲವಾದವು. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ, ಕುಮಟಾ ಬದಿಗೆ, ಅವನ್ನು ಹೆಕ್ಕಿ ಬದುಕುವವರು ಇನ್ನೂ ಇದ್ದಾರೆ. ಇದ್ದ ಜಲಾಶಯಗಳನ್ನು ಗಾಳಿಯ ಲೆಕ್ಕಕ್ಕೆ ತಕ್ಕಂತೆ ಇನ್ನಷ್ಟು ಜಾಣ್ಮೆಯಿಂದ ನಡೆಸಿ, ಬ್ಯಾಟರಿಗಳನ್ನು ಗಾಳಿಯಂತ್ರಗಳ ಬಳಿಯ ಸಬ್‌ಸ್ಟೇಷನ್‌ಗಳಲ್ಲೇ ಕೂರಿಸಿ ನೋಡುವ ಮೊದಲು ಈ ಕಣಿವೆಯನ್ನು ಮತ್ತೊಮ್ಮೆ ಅಗೆಯುವುದು ಅವಸರದ ನಿರ್ಧಾರ.