ಶಿಂದಿಯಂಗಡಿಯಿಂದ ಚಹಾದಂಗಡಿಗೆ

ಆಂಗ್ಲರ ಗ್ರಾಮಜೀವನದಲ್ಲಿ ಪಬ್ಬೆಂಬ ಪಾನಗೃಹಕ್ಕಿರುವ ಗೌರವವನ್ನು ಪುಸ್ತಕಗಳಲ್ಲಿ ಓದಿದವರು, ಅಂಥದೊಂದು ಸಂಸ್ಥೆ ನಮ್ಮ ಸೀಮೆಯಲ್ಲಿ ಇರಲೇ ಇಲ್ಲವೆಂದು ಭಾವಿಸುವುದುಂಟು. ಇತ್ತು, ಗೌರವವೊಂದು ಇರಲಿಲ್ಲ.

ಕೃಷ್ಣಾ ಘಟಪ್ರಭೆಗಳ ಆಸುಪಾಸಿನ ಈ ನಾಡು ಹಿಂದೆ ಹಲವು ಒಡೆತನಗಳಲ್ಲಿ ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ನೇರವಾಗಿ ಬ್ರಿಟಿಷರದು. ಇಂದು ಒಂದೇ ನಗರಸಭೆಯೊಳಗಿರುವ ರಬಕವಿ ಸಾಂಗಲಿಗೂ ಬನಹಟ್ಟಿ ಜಮಖಂಡಿಗೂ ಸೇರಿದ್ದವಾದುದರಿಂದ, ಸಂಜೆ ಮಗ್ಗದಿಂದೆದ್ದು ನೆರೆಯೂರಿನ ಗೆಳೆಯನನ್ನು ಕಾಣಹೊರಟ ನೇಕಾರನು ತನಗರಿವಿಲ್ಲದೆಯೇ ಸಂಸ್ಥಾನವೊಂದರ ಎಲ್ಲೆಯನ್ನು ದಾಟಿಬಿಡುತ್ತಿದ್ದನು.

ಈಚಲ ಮರಕ್ಕೆ ಈ ಎಲ್ಲೆಗಳ ಪರಿವೆಯಿಲ್ಲ. ಮುಂಜಾವಿನಲ್ಲಿ ಸಿಹಿಯಾದ ನೀರಾ, ಬಿಸಿಲೇರಿದಂತೆ ತಾನೇ ಹುಳಿತು ಶಿಂದಿಯಾಗುತ್ತದೆ. ಬಹುಕಾಲ ಕೆಡದೆ ನಿಲ್ಲದ ಈ ಪಾನೀಯವು ಇಳಿಸಿದ ಊರಿನ ಸಮೀಪದಲ್ಲಿಯೇ, ಆ ದಿನವೇ ತೀರಬೇಕು. 1878ರ ಮುಂಬಯಿ ಆಬಕಾರಿ ಕಾಯಿದೆಯು ಬ್ರಿಟಿಷ್ ಜಿಲ್ಲೆಗಳಲ್ಲಿ ಶಿಂದಿ-ಸೆರೆಗಳನ್ನು ಪರವಾನಗಿಗೆ ಒಳಪಡಿಸಿದುದರಿಂದ ಗುತ್ತಿಗೆದಾರನ ಅಂಗಡಿಯೇ ಕುಡಿಯುವವರೆಲ್ಲರ ಅಧಿಕೃತ ಸಂಧಿಸ್ಥಾನವಾಯಿತು. ಬೊಕ್ಕಸವನ್ನು ತುಂಬಲೆಂದು ಹುಟ್ಟಿದ ಕಟ್ಟಳೆಯು ಅರಿಯದೆಯೇ ಒಂದು ಹರಟೆಯ ಚಾವಡಿಯನ್ನು ನಿರ್ಮಿಸಿತೆನ್ನಬೇಕು. ಅಲ್ಲಿ ಆಮಂತ್ರಣ ಬೇಡ, ಅತಿಥಿಸತ್ಕಾರದ ಋಣವಿಲ್ಲ, ಎದ್ದುಹೋಗಲು ನೆವ ಬೇಡ. ಹಳೆಯ ಪಾನಗೃಹದ ಆಕರ್ಷಣೆಯೆಲ್ಲ ಇಷ್ಟೇ. ಆದರೆ ಗಂಡನ ಕೂಲಿಯನ್ನು ಅಲ್ಲಿಯೇ ಕಳೆದುಕೊಂಡ ಮನೆಯವಳು ಈ ವರ್ಣನೆಯನ್ನು ಒಪ್ಪಲಾರಳು, ಒಪ್ಪಬೇಕಾಗಿಯೂ ಇಲ್ಲ.

ರಾಷ್ಟ್ರೀಯ ಚಳವಳಿಯು ಈಚಲ ಮರಕ್ಕೇ ಕೊಡಲಿಯಿಟ್ಟಿತು. ಮೈಸೂರು ಸಂಸ್ಥಾನದ ತುರುವನೂರಿನಲ್ಲಿ 1939ರಲ್ಲಿ ಇಂಥ ಸತ್ಯಾಗ್ರಹಕ್ಕೆ ಮುಂದಾದವರಲ್ಲಿ ಎಸ್. ನಿಜಲಿಂಗಪ್ಪನವರಿದ್ದರು, ಅವರೇ ಮುಖ್ಯಮಂತ್ರಿಗಳಾಗಿದ್ದಾಗ, 1967ರಲ್ಲಿ, ರಾಜ್ಯದ ಪಾನನಿಷೇಧವು ಸಡಿಲಗೊಂಡಿತು! ಚರಿತ್ರೆಗೂ ವಿನೋದಪ್ರಜ್ಞೆಯುಂಟು. ಅಷ್ಟರೊಳಗೆ ಇಲ್ಲಿನ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1949ರ ಕಾಯಿದೆಯ ಮೇರೆಗೆ 1950ರಲ್ಲಿ ಸಂಪೂರ್ಣ ಪಾನನಿಷೇಧಕ್ಕೆ ಒಳಪಟ್ಟಿದ್ದವು. ಅಂಗಡಿಯ ಬಾಗಿಲು ಮುಚ್ಚಿತು, ಕಳ್ಳಬಟ್ಟಿಯ ಒಲೆ ಉರಿಯಿತು. ಕತ್ತಲಲ್ಲಿ ಅವಸರದಿಂದ ಕುಡಿಯುವವನಿಗೆ ಹರಟೆಯೆಲ್ಲಿಂದ ಬರಬೇಕು?

ಆ ಹರಟೆಗೆ ಆಶ್ರಯವಿತ್ತುದು ಚಹಾದಂಗಡಿ. ಬನಹಟ್ಟಿಯ ಓಣಿಯೊಂದರಲ್ಲಿ ಬೆಂಚಿನ ಮೇಲೆ ಕುಳಿತು, ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡು ಊದಿ ಊದಿ ಹೀರುತ್ತ, ನೂಲಿನ ಧಾರಣೆ, ಮಾಲಕನ ಜಿಪುಣತನ, ಹಾಸು ಹರಿದ ಸೀರೆಯ ನಷ್ಟ, ರಾತ್ರಿ ಕಂಡ ಪಾರಿಜಾತದಾಟದಲ್ಲಿ ಕೊರವಂಜಿಯು ಹಾಡಿದ ಬಗೆ ಇವನ್ನೆಲ್ಲ ಒಂದೇ ಉಸಿರಿಗೆ ಚರ್ಚಿಸುವವರನ್ನು ನೋಡಿದವರಿಗೆ, ಪಾನೀಯ ಬದಲಾದರೂ ಪೀಠ ಬದಲಾಗಿಲ್ಲವೆಂಬುದು ಹೊಳೆಯದೆ ಇರದು. ಮಿರ್ಚಿಯ ತಟ್ಟೆಯೊಂದು ಬಂದರಂತೂ ವಾದ ಮತ್ತೂ ಬೆಳೆಯುತ್ತದೆ. ಆದರೂ ಈ ಪೀಠದಲ್ಲಿ ಎಲ್ಲರಿಗೂ ಸಮನಾದ ಎಡೆಯಿತ್ತೆಂದರೆ ಸುಳ್ಳಾದೀತು: ದಲಿತರಿಗೆ ಬೇರೆ ಕಪ್ಪು, ಹೊರಗಿನ ಜಾಗ ಎಂಬ ನೀಚ ರೂಢಿಯನ್ನು ಚಹಾದಂಗಡಿಗಳೂ ಪಾಲಿಸಿದ್ದವು, ಅದನ್ನು ಅಪರಾಧವೆಂದು ಸಾರಲು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯೇ ಬರಬೇಕಾಯಿತು. ಹೆಂಗಸರಂತೂ ಇಂದಿಗೂ ಆ ಬೆಂಚಿನಲ್ಲಿ ವಿರಳ.

ಸರಾಯಿಯು 2007ರಲ್ಲಿ ರಾಜ್ಯದಾದ್ಯಂತ ನಿಷಿದ್ಧವಾಯಿತು; ಉಳಿದಿರುವುದು ಮಂದ ಬೆಳಕಿನ ಬಾರುಗಳು. ಅವುಗಳಲ್ಲಿ ಕುಡಿತವುಂಟು, ಕೂಟವಿಲ್ಲ. ಸರಕಾರದ ದಫ್ತರದಲ್ಲಿ ಗುತ್ತಿಗೆಯ ಲೆಕ್ಕ ಸಿಕ್ಕೀತೇ ಹೊರತು ಅಲ್ಲಿ ನಡೆದ ಮಾತು ಸಿಕ್ಕಲಾರದು. ಈ ಊರುಗಳ ಇತಿಹಾಸವನ್ನು ಬರೆಯಹೊರಟ ತರುಣರು ಪಟವರ್ಧನರ ಅರಮನೆಯನ್ನು ನೋಡುವ ಮೊದಲು ರಬಕವಿಯ ವೃದ್ಧ ನೇಕಾರರೆದುರು ಕುಳಿತು, ಅವರ ನೆನಪಿನಲ್ಲಿರುವ ಅಂಗಡಿಗಳ ಹೆಸರುಗಳನ್ನಾದರೂ ಬರೆದುಕೊಳ್ಳಲಿ.